ಹಳೆ ಕಾರಿನ ಸೈಲೆನ್ಸರ್ ಕೆಲಸ ಮತ್ತು ಎಮಿಷನ್ ಟೆಸ್ಟ್: ಕೊಡಗಿನ ಮಾಲೀಕರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಪೆಟ್ರೋಲ್ ಎಂಜಿನ್ನಿನ ಮಹೀಂದ್ರ ಜೀಪು ಇಟ್ಟುಕೊಂಡವರು ಮಳೆಗಾಲ ಮುಗಿಯುತ್ತಲೇ ಎರಡು ಪ್ರಶ್ನೆ ಕೇಳುತ್ತಾರೆ. ಸೈಲೆನ್ಸರ್ ತುಕ್ಕು ಹಿಡಿದು ಉದುರುತ್ತಿದೆ, ಈ ಸಲ ಸ್ವಲ್ಪ ದಪ್ಪ ಪೈಪ್ ಹಾಕಿಸಲೇ? ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಗುತ್ತಿದೆ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾಂಶ ಕಡಿಮೆ ಮಾಡುವ ಡಬ್ಬಿ) ಕೂರಿಸಲೇ? ಎರಡಕ್ಕೂ ಹೆಚ್ಚಿನ ಸಂದರ್ಭದಲ್ಲಿ ಉತ್ತರ ‘ಬೇಡ’ ಎಂದೇ. ಹಾಗಾದರೆ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬುದು ಇಲ್ಲಿದೆ. ಕೆಲಸದ ಅನುಕ್ರಮ ತಪ್ಪಿದರೆ ಅದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ. ಮೊದಲು ಎಂಜಿನ್, ಆಮೇಲೆ ಪೈಪ್, ಆಮೇಲೆ ಕಾರ್ಬುರೇಟರ್, ಕೊನೆಗೆ ಟೆಸ್ಟ್.

ಮೊದಲು ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೊಳೆತ ಸೈಲೆನ್ಸರ್ ತೆಗೆದು ಅದೇ ಬಗೆಯದನ್ನು ಕೂರಿಸಿದರೆ ಅದು ರಿಪೇರಿ. ಸೈಲೆನ್ಸರನ್ನೇ ಕಿತ್ತು ನೇರ ಪೈಪ್ ಬಿಟ್ಟರೆ ಅಪರಾಧ. ಹೊಗೆ ಮತ್ತು ಶಬ್ದದ ಮಿತಿ ಮೀರಿದ ಮೊದಲ ಅಪರಾಧಕ್ಕೆ 190ನೇ ಸೆಕ್ಷನ್ನಿನಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ.

ಹಳೆ ಪೆಟ್ರೋಲ್ ಕಾರಿಗೆ, ಅಂದರೆ ಭಾರತ್ ಸ್ಟೇಜ್ (ಬಿಎಸ್) ಹೊಗೆ ಮಾನದಂಡಗಳು ಬರುವ ಮುಂಚಿನ ನಾಲ್ಕು ಚಕ್ರದ ವಾಹನಕ್ಕೆ, ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಕಾರ್ಬನ್ ಮಾನಾಕ್ಸೈಡ್ (ಸಿಓ) ಶೇ. 3, ಹೈಡ್ರೋಕಾರ್ಬನ್ (ಎಚ್‌ಸಿ, ಅಂದರೆ ಉರಿಯದೆ ಹೊರಬಿದ್ದ ಪೆಟ್ರೋಲ್) 1500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಮಿತಿ. ಬಿಎಸ್-2 ಮತ್ತು ಬಿಎಸ್-3 ಕಾರಿಗೆ ಶೇ. 0.5 ಮತ್ತು 750 ಪಿಪಿಎಂ. ಹಳೆ ವಾಹನದ ಸರ್ಟಿಫಿಕೇಟ್‌ಗೆ ಆರು ತಿಂಗಳ ಅವಧಿ.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಗೆ ಅವಕಾಶವಿದೆ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನಬಳಕೆಗೆ ಓಡಿಸುವಂತಿಲ್ಲ. ಮುಂದೊಂದು ದಿನ ಈ ನೋಂದಣಿ ಮಾಡಿಸುವ ಯೋಚನೆ ಇದ್ದರೆ, ಬಿಚ್ಚಿದ ಮೂಲ ಮ್ಯಾನಿಫೋಲ್ಡನ್ನು (ಎಂಜಿನ್ನಿನ ಹೊಗೆಯನ್ನು ಪೈಪಿಗೆ ಕೂಡಿಸುವ ಎರಕದ ಭಾಗ) ಗುಜರಿಗೆ ಹಾಕದೆ ಎಣ್ಣೆ ಸವರಿ ಅಟ್ಟದಲ್ಲಿಡಿ.

ಬೇಕಾಗುವ ಸಾಮಾನು

ನಾಲ್ಕು ಆಕ್ಸಲ್ ಸ್ಟ್ಯಾಂಡ್ (ಬರೀ ಜಾಕಿ ನಂಬಿ ಗಾಡಿ ಕೆಳಗೆ ನುಗ್ಗಬೇಡಿ), ತುಕ್ಕು ಸಡಿಲಿಸುವ ಎಣ್ಣೆ, ವೈರ್ ಬ್ರಷ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಸ್ಟೀಲ್ ಸ್ಕೇಲ್, ವ್ಯಾಕ್ಯೂಮ್ ಗೇಜ್, ಟೈಮಿಂಗ್ ಲೈಟ್, ಹೊಸ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಡೌನ್ ಪೈಪ್ ಪ್ಯಾಕಿಂಗ್, ಹಿತ್ತಾಳೆ ನಟ್, ಕ್ಲ್ಯಾಂಪ್, ಹ್ಯಾಂಗರ್ ರಬ್ಬರ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗ ತರಿಸುವಾಗ ಗಾಡಿಯ ಹೆಸರು, ವರ್ಷ ಹೇಳಿದರಷ್ಟೇ ಸಾಲದು. ಹಳೆ ಗ್ಯಾಸ್ಕೆಟ್‌ನ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸಿ. ಅಂಬಾಸಿಡರ್‌ಗೆ 1489 ಸಿಸಿ ಎಂಜಿನ್ನೂ ಬಂದಿದೆ, ಇಸುಝುವಿನ 1817 ಸಿಸಿ ಎಂಜಿನ್ನೂ ಬಂದಿದೆ. ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕೆ ಕೂರದು.

ಹಂತ 1: ಎಂಜಿನ್ ಆರೋಗ್ಯವಾಗಿದೆಯೇ?

ಎಮಿಷನ್ ಫೇಲ್ ಆಗುವ ಹಳೆ ಕಾರುಗಳಲ್ಲಿ ತಪ್ಪು ಪೈಪಿನದಾಗಿರುವುದು ಕಡಿಮೆ. ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿ. 2000ನೇ ಇಸವಿಯ ಫೆಬ್ರವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಹಳೆ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ವಾಲ್ವ್ ಕೂರುವ ಜಾಗಕ್ಕೆ ಸೀಸವೇ ರಕ್ಷಣೆಯಾಗಿತ್ತು. ಈಗ ಎಕ್ಸಾಸ್ಟ್ ವಾಲ್ವ್ ನಿಧಾನವಾಗಿ ಒಳಗೆ ಇಳಿಯುತ್ತದೆ, ಗ್ಯಾಪ್ ಕಿರಿದಾಗುತ್ತದೆ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿಗೆ ಗ್ಯಾಪ್ 0.015 ಇಂಚು, ಅಂದರೆ 0.38 ಮಿಮೀ. ಬೇರೆ ಗಾಡಿಗೆ ಅದರದೇ ಕೈಪಿಡಿ ನೋಡಿ. 5,000 ಕಿಲೋಮೀಟರ್ ಒಳಗೇ ಗ್ಯಾಪ್ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದರೆ ಹೆಡ್ ಬಿಚ್ಚಿಸಿ ಗಟ್ಟಿ ಸೀಟ್ ಕೂರಿಸದೆ ಬೇರೆ ದಾರಿಯಿಲ್ಲ. ಅಂಥ ಎಂಜಿನ್ನಿಗೆ ಹೊಸ ಸೈಲೆನ್ಸರ್ ಹಾಕುವುದು ಹಣ ಹಾಳು.

ಆಮೇಲೆ ಪಾಯಿಂಟ್, ಕಂಡೆನ್ಸರ್, ಪ್ಲಗ್, ಟೈಮಿಂಗ್, ಏರ್ ಫಿಲ್ಟರ್. ಒಂದು ಪ್ಲಗ್ ಆಗಾಗ ಮಿಸ್ ಹೊಡೆದರೂ ಎಚ್‌ಸಿ ಸಾವಿರಗಳಲ್ಲಿ ಏರುತ್ತದೆ.

ಹಳೆ ಸೈಲೆನ್ಸರ್ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ವ್ಯಾಕ್ಯೂಮ್ ಗೇಜನ್ನು ಇನ್‌ಲೆಟ್ ಮ್ಯಾನಿಫೋಲ್ಡಿಗೆ ಜೋಡಿಸಿ. ಪುಸ್ತಕದಲ್ಲಿ ಐಡ್ಲಿಂಗ್‌ಗೆ 17ರಿಂದ 21 ಇಂಚು (ಪಾದರಸ) ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದಂತೆ ಒಂದೊಂದು ಇಂಚು ಕಳೆಯಬೇಕು, ಹಾಗಾಗಿ ಮಡಿಕೇರಿಯಲ್ಲಿ 13ರಿಂದ 17 ಇಂಚು ತೋರಿಸಿದರೆ ಎಂಜಿನ್ ಸರಿಯಾಗಿದೆ. ಇದು ಗೊತ್ತಿಲ್ಲದೆ ಪಿಸ್ಟನ್ ರಿಂಗ್ ಬದಲಿಸಿದವರಿದ್ದಾರೆ. ಈಗ 2500 ಆರ್‌ಪಿಎಂಗೆ ಏರಿಸಿ ಹಿಡಿದುಕೊಳ್ಳಿ. ಮುಳ್ಳು ಸ್ಥಿರವಾಗಿ ನಿಂತರೆ ಪೈಪ್ ತೆರೆದಿದೆ. ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಒಳಗೆ ಎಲ್ಲೋ ಕಟ್ಟಿದೆ.

ಹಂತ 2: ಹಳೆ ಪೈಪ್ ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಮ್ಯಾನಿಫೋಲ್ಡ್ ಸ್ಟಡ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ, ಬೆಳಿಗ್ಗೆ ಮತ್ತೊಮ್ಮೆ. ನಟ್ ಸಡಿಲಿಸುವ ಮುಂಚೆ ಕೂದಲೆಳೆಯಷ್ಟು ಬಿಗಿ ಮಾಡಿ ನೋಡಿ. ಆಗ ತುಕ್ಕಿನ ಹಿಡಿತ ಬಿಡುತ್ತದೆ. ಆಮೇಲೆ ಕಾಲು ಸುತ್ತು ಬಿಚ್ಚಿ, ಅರೆ ಕಾಲು ಸುತ್ತು ಹಿಂದಕ್ಕೆ, ಮತ್ತೆ ಎಣ್ಣೆ. ಇಲ್ಲಿ ಅವಸರ ಮಾಡಿದರೆ ಸ್ಟಡ್ ಮುರಿಯುತ್ತದೆ, ಮುರಿದ ಸ್ಟಡ್ಡನ್ನು ಡ್ರಿಲ್ ಮಾಡಿ ತೆಗೆಸಲು ಇಡೀ ದಿನ ಹೋಗುತ್ತದೆ. ಮೊಂಡು ನಟ್ ಇದ್ದರೆ ಗ್ಯಾಸ್ ಬೆಂಕಿ ನಟ್‌ಗೆ ಕೊಡಿ, ಸ್ಟಡ್‌ಗೆ ಅಲ್ಲ. ಹತ್ತಿರದ ಪೆಟ್ರೋಲ್ ಪೈಪ್ ತೆಗೆದು ಬಾಯಿ ಮುಚ್ಚಿದ ಮೇಲಷ್ಟೇ ಬೆಂಕಿ.

ಹಳೆ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಒಣಗಿರುವಾಗ ಕೆರೆಯಬೇಡಿ, ಗಾಳಿ ಊದಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ಎಬ್ಬಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ.

ತೆಗೆದ ಮ್ಯಾನಿಫೋಲ್ಡ್ ಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿ. 0.15 ಮಿಮೀಗಿಂತ ಹೆಚ್ಚು ಸಂದು ಕಂಡರೆ ಲೇತ್ ಅಂಗಡಿಯಲ್ಲಿ ಮುಖ ಸಮ ಮಾಡಿಸಿ. ಬಾಗಿದ ಮುಖಕ್ಕೆ ಎರಡು ಗ್ಯಾಸ್ಕೆಟ್ ಹಾಕುವ, ಅಂಟು ಮೆತ್ತುವ ಉಪಾಯ ಒಂದು ಘಾಟಿ ಹತ್ತುವಷ್ಟರಲ್ಲಿ ಊದಿಹೋಗುತ್ತದೆ.

ಹಂತ 3: ಯಾವ ಪೈಪ್, ಎಷ್ಟು ದಪ್ಪ

ಮೂಲ ಪೈಪಿನ ಹೊರ ಅಳತೆ ತೆಗೆದುಕೊಳ್ಳಿ, ಅದೇ ಅಳತೆ ಹಾಕಿಸಿ. ಸಿಗದಿದ್ದರೆ ಒಂದು ಸೈಜ್ ಮೇಲೆ, ಅಷ್ಟೇ. 1100 ಸಿಸಿ ಎಂಜಿನ್ನಿಗೆ ಒಂದೂವರೆ ಇಂಚು ಧಾರಾಳ, 2.2 ಲೀಟರ್ ಜೀಪಿಗೂ ಎರಡು ಇಂಚು ದಾಟಬಾರದು. ದಪ್ಪ ಪೈಪಿನಲ್ಲಿ ಹೊಗೆಯ ವೇಗ ಇಳಿಯುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ. ಸಂಪಾಜೆ ಘಾಟಿಯನ್ನೋ ಮಾಕುಟ್ಟದ ರಸ್ತೆಯನ್ನೋ ಎರಡನೇ ಗೇರಿನಲ್ಲಿ ಹತ್ತುವಾಗ ನಮಗೆ ಬೇಕಾದದ್ದು ಸರಿಯಾಗಿ ಆ ಶಕ್ತಿಯೇ. ಶಬ್ದ ಜೋರಾದರೆ ಗಾಡಿ ಜೋರಾಯಿತೆಂದು ಕಿವಿಗೆ ಅನ್ನಿಸುತ್ತದೆ, ಗೇರ್ ಮಾತ್ರ ಒಂದು ಕೆಳಗೇ ಬೇಕಾಗುತ್ತದೆ.

ಎರಕದ ಮ್ಯಾನಿಫೋಲ್ಡ್ ತೆಗೆದು ನಾಲ್ಕು ಕೊಳವೆಯ ಹೆಡರ್ ಮಾಡಿಸುವ ಆಸೆ ಹಲವರಿಗಿದೆ. ಹಳೆ ಅಂಬಾಸಿಡರ್ ಹೆಡ್‌ನಲ್ಲಿ ಎಕ್ಸಾಸ್ಟ್ ಬಾಯಿ ಇರುವುದೇ ಮೂರು: ನಡುವಿನದ್ದು 2 ಮತ್ತು 3ನೇ ಸಿಲಿಂಡರ್‌ಗೆ ಒಟ್ಟಿಗೆ. ಅಲ್ಲದೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಾವಿನಿಂದಲೇ ಇನ್‌ಲೆಟ್ ಮ್ಯಾನಿಫೋಲ್ಡಿನ ಪೆಟ್ರೋಲ್ ಆವಿಯಾಗುವಂತೆ ಅದನ್ನು ಕಟ್ಟಿದ್ದಾರೆ. ಆ ಕಾವು ತಪ್ಪಿದರೆ ಡಿಸೆಂಬರಿನ ಮಂಜಿನ ಬೆಳಗ್ಗೆ ಪೆಟ್ರೋಲ್ ಗೋಡೆಗೆ ಹನಿಗಟ್ಟುತ್ತದೆ, ಚೋಕ್ ಎಳೆದೇ ಓಡಿಸಬೇಕಾಗುತ್ತದೆ, ಎಚ್‌ಸಿ ಏರುತ್ತದೆ. ರೇಸಿಗಲ್ಲದ ಗಾಡಿಗೆ ಇದು ಬೇಡ.

ಲೋಹದ ವಿಷಯಕ್ಕೆ ಬಂದರೆ ಕೊಡಗಿನ ಹವೆಯೇ ತೀರ್ಮಾನ ಮಾಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ, ಆ ನೀರು ಆಮ್ಲದ ಅಂಶದೊಂದಿಗೆ ಒಳಗೇ ನಿಲ್ಲುತ್ತದೆ. ಹೊರಗಿನಿಂದ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ. ಹೀಗಾಗಿ ಸಾದಾ ಉಕ್ಕಿನ ಸೈಲೆನ್ಸರ್ ಒಳಗಿನಿಂದಲೇ ಕೊಳೆಯುತ್ತದೆ, ಬಣ್ಣ ಬಳಿದು ಅದನ್ನು ಉಳಿಸಲಾಗದು. ಕೈಲಾದರೆ ಗೋಡೆ 1.5 ಮಿಮೀ ದಪ್ಪವಿರುವ ಸ್ಟೇನ್‌ಲೆಸ್ ಹಾಕಿಸಿ. 304 ದರ್ಜೆ ಹೆಚ್ಚು ಬಾಳುತ್ತದೆ. 409 ದರ್ಜೆ ಅಗ್ಗ, ಮೇಲ್ಮೈಗೆ ಕಂದು ತುಕ್ಕು ಬಂದರೂ ತೂತಾಗಲು ವರ್ಷಗಳು ಬೇಕು. ಬಾಗಿಸುವಾಗ ಪೈಪ್ ಸುಕ್ಕುಗಟ್ಟದಂತೆ ಮ್ಯಾಂಡ್ರೆಲ್ ಯಂತ್ರದಲ್ಲಿ, ಅಂದರೆ ಒಳಗೆ ಅಚ್ಚು ಇಟ್ಟು ಬಾಗಿಸುವಲ್ಲಿ, ಮಾಡಿಸಿ.

ನಲ್ಲಿ ನೀರಿನ ಜಿಐ ಪೈಪ್ ತಂದು ಬೆಸುಗೆ ಹಾಕಿಕೊಡುವವರಿದ್ದಾರೆ. ಅದರ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ, ಉಸಿರಾಡಿದವನಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ತೂಕಕ್ಕೆ ಹ್ಯಾಂಗರ್ ಹರಿಯುತ್ತದೆ. ಬೇಡವೇ ಬೇಡ. ಪೈಪಿಗೆ ಬಟ್ಟೆಯಂಥ ಹೀಟ್ ರ್‍ಯಾಪ್ ಸುತ್ತುವುದೂ ನಮ್ಮ ಜಿಲ್ಲೆಗಲ್ಲ. ನೆನೆದ ಪಟ್ಟಿ ವಾರಗಟ್ಟಲೆ ಒಣಗದೆ ಉಕ್ಕನ್ನು ತಿನ್ನುತ್ತದೆ.

ಹಂತ 4: ಕೂರಿಸುವುದು

ಮೊದಲೇ ವೆಲ್ಡ್ ಮಾಡಿಸಬೇಡಿ. ಎಲ್ಲ ತುಂಡುಗಳನ್ನೂ ಕ್ಲ್ಯಾಂಪ್ ಹಾಕಿ ಸಡಿಲವಾಗಿ ತೂಗಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ ಸಂದು ಅಳೆಯಿರಿ. ಜಾಕಿಯ ಮೇಲೆ ಸರಿ ಕಂಡ ಪೈಪ್ ಚಕ್ರ ನೆಲಕ್ಕಿಳಿದಾಗ ಆಕ್ಸಲ್‌ಗೆ ತಾಗುವುದು ತೀರಾ ಸಾಮಾನ್ಯ. ಸುತ್ತ 20ರಿಂದ 25 ಮಿಮೀ ಜಾಗ ಇರಲಿ. ಎರಡೂವರೆ ಮೀಟರ್ ಉದ್ದದ 304 ಪೈಪ್ 300 ಡಿಗ್ರಿ ಬಿಸಿ ಏರಿದರೆ 12 ಮಿಮೀಗಿಂತ ಹೆಚ್ಚು ಉದ್ದವಾಗುತ್ತದೆ, ಸಾದಾ ಉಕ್ಕು 9 ಮಿಮೀ. ಅದಕ್ಕೇ ಹ್ಯಾಂಗರ್ ರಬ್ಬರಿನದೇ ಆಗಬೇಕು. ಕಾರಿನ ಮೈಗೆ ನೇರ ಬೋಲ್ಟ್ ಹೊಡೆದರೆ ಮ್ಯಾನಿಫೋಲ್ಡ್ ಸೀಳುತ್ತದೆ.

ಪೆಟ್ರೋಲ್ ಪೈಪಿನಿಂದ ಕನಿಷ್ಠ 35 ಮಿಮೀ ದೂರ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಅಷ್ಟೇ ಜಾಗ ಸಿಕ್ಕರೆ ನಡುವೆ ತಗಡಿನ ಮರೆ ಕೊಡಿ. ಪೈಪಿನ ಬಾಯಿ ನೆಲದತ್ತಲೂ ಎಡಕ್ಕೂ ತಿರುಗಿರಬಾರದು. ಬಾಡಿಯ ಹಿಂದಿನ ಅಂಚನ್ನು ದಾಟಿರಲೇಬೇಕು; ನೆಲದ ತಗಡು ತೂತಾದ, ಡಿಕ್ಕಿಯ ರಬ್ಬರ್ ಹರಿದ ಹಳೆ ಕಾರಿನಲ್ಲಿ ಹೊಗೆ ಒಳಗೆ ನುಸುಳುತ್ತದೆ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮಕ್ಕಳು ಹಿಂದೆ ಕೂರುವ ಗಾಡಿಯಾದರೆ ಆ ತೂತು ಮುಚ್ಚುವುದೇ ಮೊದಲ ಕೆಲಸ.

ಇನ್ನೆರಡು ವಿಷಯ ವೆಲ್ಡರ್‌ಗೆ ಬಾಯಿಬಿಟ್ಟು ಹೇಳಿ. ಟೇಲ್ ಪೈಪಿನ ಕೊನೆಯ 300 ಮಿಮೀ ನೇರವಾಗಿರಲಿ, ಏಕೆಂದರೆ ಎಮಿಷನ್ ಟೆಸ್ಟ್‌ನ ಪ್ರೋಬ್ (ಹೊಗೆ ಹೀರುವ ಕಡ್ಡಿ) ಅಷ್ಟು ಒಳಗೆ ಹೋಗಬೇಕು. ಸೈಲೆನ್ಸರಿನ ಹಿಂಬದಿ, ಅತಿ ತಗ್ಗಿನ ಜಾಗದಲ್ಲಿ 3 ಮಿಮೀ ರಂಧ್ರ ಕೊರೆಯಲಿ, ನೀರು ಇಳಿಯಲು. 304ಕ್ಕೆ 304 ಬೆಸೆಯುವಾಗ ಟಿಗ್ ವೆಲ್ಡಿಂಗ್‌ಗೆ 308ಎಲ್ ಕಡ್ಡಿ, ಸ್ಟೇನ್‌ಲೆಸ್‌ಗೆ ಸಾದಾ ಉಕ್ಕು ಬೆಸೆಯುವಾಗ 309ಎಲ್. ಕಡ್ಡಿ ತಪ್ಪಿದರೆ ಬೆಸುಗೆಯ ಅಂಚಿನಲ್ಲೇ ಬಿರುಕು ಬರುತ್ತದೆ.

ಮ್ಯಾನಿಫೋಲ್ಡ್ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 5/16 ಇಂಚಿನ ಸ್ಟಡ್‌ಗೆ 20 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು.

ಹಂತ 5: ಸೋರಿಕೆ ಹುಡುಕುವುದು

ತಣ್ಣಗಿರುವ ಎಂಜಿನ್ ಚಾಲೂ ಮಾಡಿ. ಶೆಡ್ಡಿನ ಬಾಗಿಲು ತೆರೆದಿರಲಿ, ಮಳೆ ಹೊಡೆಯುತ್ತದೆಂದು ಮುಚ್ಚಬೇಡಿ. ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಪೈಪ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಂದೊಂದು ಜೋಡಣೆಗೂ ಕಿವಿಗೊಡಲಿ. ‘ಚಿಸ್’ ಎಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಸೋರಿಕೆಯ ಬಾಯಿಂದ ಹೊಗೆ ಹೊರಬರುವುದಷ್ಟೇ ಅಲ್ಲ, ಗಾಳಿ ಒಳಕ್ಕೂ ಎಳೆಯಲ್ಪಡುತ್ತದೆ. ಟೆಸ್ಟ್ ಯಂತ್ರ ಸುಳ್ಳು ಅಂಕಿ ತೋರಿಸುತ್ತದೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಸಿಡಿಯುತ್ತದೆ.

ಹಂತ 6: ಕಾರ್ಬುರೇಟರ್, ಎತ್ತರ ಮತ್ತು ಇ20

ಮಡಿಕೇರಿಯ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 10ರಷ್ಟು ತೆಳು. ಕಾರ್ಬುರೇಟರ್‌ಗೆ ಅದು ಗೊತ್ತಾಗದು. ಪೆಟ್ರೋಲ್ ಹಳೆ ಲೆಕ್ಕದಲ್ಲೇ ಬಿಡುತ್ತದೆ, ಮಿಶ್ರಣ ಶೇ. 5ರಿಂದ 6ರಷ್ಟು ಗಟ್ಟಿಯಾಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಇದಕ್ಕಾಗಿಯೇ ಹಿಂದೆ ಇಲ್ಲಿನ ಮೆಕ್ಯಾನಿಕ್‌ಗಳು ಮೇನ್ ಜೆಟ್ (ಪೆಟ್ರೋಲ್ ಹಾಯುವ ರಂಧ್ರವಿರುವ ತಿರುಪು) ಒಂದು ಸೈಜ್ ಚಿಕ್ಕದು ಹಾಕುತ್ತಿದ್ದರು. ಆಗ ಅದು ಸರಿ.

ಈಗ ಬಂಕಿನಲ್ಲಿ ಸಿಗುವುದು ಇ20, ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಅದೇ ಜೆಟ್‌ನಲ್ಲಿ ಮಿಶ್ರಣ ಸುಮಾರು ಶೇ. 8ರಷ್ಟು ತೆಳುವಾಗುತ್ತದೆ. ಎರಡನ್ನೂ ಕೂಡಿಸಿ ನೋಡಿ: ಎತ್ತರ ಗಟ್ಟಿ ಮಾಡಿದ್ದನ್ನು ಎಥನಾಲ್ ತೆಳು ಮಾಡುತ್ತದೆ. ಮಡಿಕೇರಿ, ಸೋಮವಾರಪೇಟೆ ಕಡೆಯ ಗಾಡಿಗೆ ಕಂಪನಿಯ ಮೂಲ ಜೆಟ್ಟೇ ಹೆಚ್ಚುಕಡಿಮೆ ಸರಿಹೊಂದುತ್ತದೆ. ಹಳೆ ಕಾಲದ ಚಿಕ್ಕ ಜೆಟ್ ಇನ್ನೂ ಒಳಗಿದ್ದರೆ ಇವತ್ತೇ ತೆಗೆಸಿ. ಅಂಥ ಗಾಡಿ ಮಂಗಳೂರಿಗೆ ಇಳಿದು ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಓಡಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಗಾಡಿ ಹೆಚ್ಚು ಓಡುವುದು ಕರಾವಳಿಯಲ್ಲೇ ಎಂದಾದರೆ ಒಂದು ಸೈಜ್ ದೊಡ್ಡದು ಹಾಕಿ. ಜೆಟ್ ಮೇಲಿನ ಅಂಕಿ ರಂಧ್ರದ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 120ರಿಂದ 125ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ಶೇ. 8.5ರಷ್ಟು ಹೆಚ್ಚುತ್ತದೆ, ಎಥನಾಲ್ ಕಿತ್ತುಕೊಂಡದ್ದು ಅಲ್ಲಿಗೆ ಮರಳಿತು. ಇದರ ಜೊತೆಗೆ ಹಳೆ ರಬ್ಬರ್ ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಬಗೆಗೆ ಬದಲಿಸಿ. ಬಿಸಿ ಪೈಪಿನ ಪಕ್ಕದಲ್ಲಿ ಸೋರುವ ಪೆಟ್ರೋಲ್ ಎಂದರೆ ಬೆಂಕಿ.

ಐಡ್ಲಿಂಗ್ ಮಿಶ್ರಣಕ್ಕೆ ಮೇನ್ ಜೆಟ್ ಸಂಬಂಧವಿಲ್ಲ, ಟೆಸ್ಟ್ ಆಗುವುದು ಐಡ್ಲಿಂಗ್‌ನಲ್ಲೇ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಎಂಜಿನ್ ಕಾಯಿಸಿ. ಕಾರ್ಬುರೇಟರ್ ಸೋಲೆಕ್ಸ್ ಬಗೆಯದ್ದಾದರೆ ಮಿಕ್ಸ್ಚರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತಾ ಹೋಗಿ. ಎಂಜಿನ್ ಕುಗ್ಗತೊಡಗಿದಲ್ಲಿಂದ ಕಾಲು ಸುತ್ತು ಹೊರಕ್ಕೆ ತನ್ನಿ. ಎಸ್‌ಯು ಬಗೆಯದ್ದಾದರೆ ಪಿಸ್ಟನ್ನನ್ನು ಒಂದು ಮಿಮೀಯಷ್ಟು ಎತ್ತಿ ನೋಡಿ. ವೇಗ ಏರಿ ಏರಿದಲ್ಲೇ ನಿಂತರೆ ಮಿಶ್ರಣ ಗಟ್ಟಿ. ಎಂಜಿನ್ ಸಾಯುವಂತಾದರೆ ತೆಳು. ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿ. ಕೆಳಗಿನ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ: ಮೇಲಕ್ಕೆ ತೆಳು, ಕೆಳಕ್ಕೆ ಗಟ್ಟಿ.

ಎಂಜಿನ್ನಿನ ಬ್ರೀದರ್ ಪೈಪ್ (ಒಳಗಿನ ಆವಿ ಹೊರಬಿಡುವ ಕೊಳವೆ) ಬರೀ ಗಾಳಿಗೆ ತೆರೆದಿದ್ದರೆ ಅದನ್ನು ಏರ್ ಕ್ಲೀನರ್‌ಗೆ ಜೋಡಿಸಿ. ಕಡಿಮೆ ಖರ್ಚಿನಲ್ಲಿ ಹೊಗೆ ಕಡಿಮೆ ಮಾಡುವ ಕೆಲಸ ಇದಕ್ಕಿಂತ ಬೇರೆ ಇಲ್ಲ.

ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಸಲೇ?

ಮೂಲದಲ್ಲಿ ಇಲ್ಲದ ಗಾಡಿಗೆ ಬೇಡ. ಅದು ಕೆಲಸ ಶುರು ಮಾಡಲು 250ರಿಂದ 300 ಡಿಗ್ರಿ ಬಿಸಿಯಾಗಬೇಕು. ಕಾರ್ಬುರೇಟರ್‌ನ ಗಟ್ಟಿ ಮಿಶ್ರಣ, ಒಂದು ಮಿಸ್ ಹೊಡೆಯುವ ಪ್ಲಗ್ ಸಾಕು, ಉರಿಯದ ಪೆಟ್ರೋಲ್ ಅದರೊಳಗೆ ಹೊತ್ತಿ ಒಳಗಿನ ಜೇನುಗೂಡು ಕರಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಸಿಲ್ವರ್ ಓಕ್ ತರಗೆಲೆ ಮೊಣಕಾಲುದ್ದ ಬಿದ್ದ ತೋಟದ ದಾರಿಯಲ್ಲಿ ಅಂಥ ಗಾಡಿ ನಿಲ್ಲಿಸಿದರೆ ಏನಾಗಬಹುದೆಂದು ಯೋಚಿಸಿ. ಶೇ. 3 ಮಿತಿಯನ್ನು ಸರಿಯಾದ ಟ್ಯೂನಿಂಗ್‌ನಿಂದಲೇ ತಲುಪಬಹುದು. ಆದರೆ ಕನ್ವರ್ಟರ್‌ನೊಂದಿಗೇ ಬಂದ ಮಾರುತಿ 800, ಜಿಪ್ಸಿಗಳಿಂದ ಅದನ್ನು ಕೀಳಬೇಡಿ, ಒಳಗಿನದ್ದನ್ನು ಒಡೆದು ಖಾಲಿ ಮಾಡಿಸಬೇಡಿ.

ಹಂತ 7: ಟೆಸ್ಟ್, ಮತ್ತು ಚೀಟಿ ಓದುವುದು

ಎಂಜಿನ್ ಬಿಸಿಯಿರುವಾಗಲೇ ಹೋಗಿ. ಸಾಲಿನಲ್ಲಿ ಅರ್ಧ ಗಂಟೆ ನಿಂತು ತಣ್ಣಗಾದರೆ ಮತ್ತೊಂದು ಸುತ್ತು ಓಡಿಸಿ ಬನ್ನಿ. ಚೋಕ್ ಪೂರ್ತಿ ಒಳಗಿದೆಯೇ ನೋಡಿ. ಐಡ್ಲಿಂಗ್‌ನಲ್ಲಿ ಸಿಓ ಶೇ. 1ರಿಂದ 2.5ರ ನಡುವೆ ಬಂದರೆ ಒಳ್ಳೆಯ ಟ್ಯೂನಿಂಗ್.

ಸಿಓ ಹೆಚ್ಚು, ಎಚ್‌ಸಿ ಸಾಧಾರಣ: ಮಿಶ್ರಣ ಗಟ್ಟಿ; ಏರ್ ಫಿಲ್ಟರ್, ಫ್ಲೋಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲು) ಮಟ್ಟ, ಚೋಕ್ ನೋಡಿ. ಸಿಓ ಕಡಿಮೆ, ಎಚ್‌ಸಿ ಹೆಚ್ಚು: ತೆಳು ಮಿಶ್ರಣದಿಂದ ಮಿಸ್ ಹೊಡೆಯುತ್ತಿದೆ, ಇಲ್ಲವೇ ಪಾಯಿಂಟ್, ಪ್ಲಗ್, ಸುಟ್ಟ ವಾಲ್ವ್. ಎರಡೂ ಹೆಚ್ಚು: ಪೆಟ್ರೋಲ್ ಉಕ್ಕುತ್ತಿದೆ, ಫ್ಲೋಟ್ ಸೂಜಿ ಬದಲಿಸಿ. ಎರಡೂ ನಂಬಲಾಗದಷ್ಟು ಕಡಿಮೆ: ಹಿಗ್ಗಬೇಡಿ, ಪೈಪ್ ಸೋರುತ್ತಿದೆ ಅಥವಾ ಪ್ರೋಬ್ ಒಳಗೆ ಹೋಗಿಲ್ಲ.

ಡೀಸೆಲ್ ಜೀಪಿನವರಿಗೆ ಟೆಸ್ಟ್ ಬೇರೆ: ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆಯ ಕಪ್ಪನ್ನು ಅಳೆಯುತ್ತಾರೆ, ಬಿಎಸ್-4ಕ್ಕಿಂತ ಹಳೆಯದಕ್ಕೆ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್. ಅಲ್ಲಿ ಸೈಲೆನ್ಸರಿಗಿಂತ ಇಂಜೆಕ್ಟರ್ ಮತ್ತು ಏರ್ ಫಿಲ್ಟರ್ ಮುಖ್ಯ.

ಹಂತ 8: ಮೊದಲ 200 ಕಿಲೋಮೀಟರ್ ಆದ ಮೇಲೆ

ಹೊಸ ಗ್ಯಾಸ್ಕೆಟ್ ಬಿಸಿಗೆ ಕುಗ್ಗುತ್ತದೆ. ಎಂಜಿನ್ ಪೂರ್ತಿ ಆರಿದಾಗ ಮ್ಯಾನಿಫೋಲ್ಡ್ ನಟ್, ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ, ಸೈಲೆನ್ಸರ್ ಒಳಗಿನ ನೀರು ಆರಲಿ. ಜೂನ್‌ನಲ್ಲಿ ಮಳೆ ಹಿಡಿದ ಮೊದಲ ವಾರ ಆ 3 ಮಿಮೀ ರಂಧ್ರಕ್ಕೆ ತಂತಿ ತೂರಿಸಿ ನೋಡಿ, ತೋಟದ ಕೆಂಪು ಕೆಸರು ಮೊದಲು ಮುಚ್ಚುವುದು ಅದನ್ನೇ.